ಅಡುಗೆಮನೆಯ ದೊಡ್ಡಣ್ಣ

ದೊಡ್ಡಣ್ಣ ಹುಟ್ಟಿದ್ದು ಅಡುಗೆಮನೆಯಲ್ಲಿ, ಗಿಣಿಯ ಗಂಟಲಿನಿಂದ. ಹುಟ್ಟುವಾಗಲೇ ಅವನಿಗೆ ಐವತ್ತರ ಆಸುಪಾಸು. ಸಿಗರೇಟು ಸೇದಿ ಸೇದಿ ಹದಗೆಟ್ಟ ಎದೆ, ಯಾರಪ್ಪನ ಮಗನಿಗೂ ಜಗ್ಗದ ಗತ್ತು. ಮೈಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಗಿಣಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೇಳಿದವರು ಕೊಟ್ಟ ಬಿರುದು. ಒಮ್ಮೆ ಕಿವಿಗೆ ಬಿದ್ದ ದನಿ ಅವಳ ನಾಲಿಗೆಯ ಮೇಲೆ ಬಿಡಾರ ಹೂಡಿಬಿಡುತ್ತಿತ್ತು. ಬಸ್ಸಿನ ಬ್ರೇಕು, ಬ್ಯಾಂಕಿನಲ್ಲಿ ಟೋಕನ್ ಕೂಗುವ ಯಂತ್ರ, ಮೂಗಿನಲ್ಲೇ ಬಾಡಿಗೆ ಕೇಳುವ ಮನೆ ಮಾಲೀಕ, ಎಲ್ಲರೂ ಅವಳ ಬಾಯಲ್ಲಿ ಸುಖವಾಗಿದ್ದರು. ಹಳೆಯ ಕಟ್ಟಡವೊಂದರ ನಡುಮಹಡಿಯಲ್ಲಿ ಅವಳೂ ಅಕ್ಕನೂ ಕೂಡಿ ಇದ್ದರು. ಅಕ್ಕನೇನು ಒಡಹುಟ್ಟಿದವಳಲ್ಲ. ವಯಸ್ಸಿನಲ್ಲಿ ಹಿರಿಯಳು, ಬೈಯುವ ಅಧಿಕಾರವನ್ನು ತಾನಾಗಿ ವಹಿಸಿಕೊಂಡವಳು. ಇಬ್ಬರದೂ ಒಂದೇ ಕಸುಬು, ದುಡ್ಡು ಕೊಟ್ಟು ಬರುವ ಗಂಡಸರ ಜೊತೆ ಮಲಗುವುದು. ಅದಕ್ಕೆ ಊರಿನವರ ಬಾಯಲ್ಲಿ ಬೇಕಾದಷ್ಟು ಬೈಗುಳವಿತ್ತು, ಭಾಷಣಗಾರರ ಬಾಯಲ್ಲಿ ಮಾರುದ್ದದ ಗೌರವದ ಪದವಿತ್ತು. ಅವರಿಬ್ಬರು ಮಾತ್ರ ‘ಕೆಲಸ’ ಎನ್ನುತ್ತಿದ್ದರು. “ಇವತ್ತು ಕೆಲಸ ಸಾಕಾಗಿ ಹೋಯ್ತು ಕಣೇ” ಎಂದು ಅಕ್ಕ ಕಾಲು ಚಾಚಿ ಕೂತರೆ, ಗುಮಾಸ್ತೆಯೊಬ್ಬಳು ಕಚೇರಿಯಿಂದ ಬಂದು ಕೂತಂತೆಯೇ ಇರುತ್ತಿತ್ತು.

ಮನೆಗೆ ಇದ್ದದ್ದು ಮುಂದಿನ ಕೋಣೆ, ಹಿಂದಿನ ಅಡುಗೆಮನೆ, ನಡುವೆ ಗಾಜು ಒಡೆದು ರಟ್ಟು ಅಂಟಿಸಿದ ಒಂದು ಬಾಗಿಲು. ಒಬ್ಬಳು ಮುಂದೆ ಕೆಲಸದಲ್ಲಿದ್ದರೆ ಇನ್ನೊಬ್ಬಳು ಹಿಂದೆ, ಒಲೆಯ ಮೇಲೆ ಕಣ್ಣಿಟ್ಟು, ಬಾಗಿಲಿಗೆ ಕಿವಿಗೊಟ್ಟು ಇರುವುದು. ಮುಂದಿನವಳು ಮಂಚದ ಕಟ್ಟಿಗೆ ಬಳೆ ತಾಕಿಸಿದರೆ ಹಿಂದಿನವಳು ಎದ್ದು ಬರಬೇಕು. ಈ ಏರ್ಪಾಟು ಅಕ್ಕನದು. ಹಿಂದೆ ಬೇರೊಂದು ಬೀದಿಯಲ್ಲಿ ಅವಳು ಒಬ್ಬಳೇ ಕೆಲಸ ಮಾಡುತ್ತಿದ್ದಾಗ ಒಬ್ಬ ಗಿರಾಕಿ ಕುತ್ತಿಗೆ ಹಿಸುಕಿದ್ದ. ಕೂಗಲು ಉಸಿರೂ ಇರಲಿಲ್ಲ, ಕೇಳಲು ಯಾರೂ ಇರಲಿಲ್ಲ. ಅಂದಿನಿಂದ ಅವಳು ಕತ್ತಿನವರೆಗೆ ಗುಂಡಿಯಿರುವ ಬಟ್ಟೆ ಹಾಕಿದವಳಲ್ಲ.

ಆದರೆ ಅಡುಗೆಮನೆಯಿಂದ ಹೆಣ್ಣಿನ ದನಿ ಬಂದರೆ ಹೆದರುವವರು ಯಾರು? “ಓಹೋ, ಇನ್ನೊಬ್ಬಳೂ ಇದ್ದಾಳಾ? ಅವಳನ್ನೂ ಕರಿ” ಎಂದು ಒಬ್ಬ ಹಲ್ಲು ಕಿರಿದ. ಕಾಂಡೋಮ್ ಬೇಡವೆಂದು ಹಟ ಹಿಡಿದು ಅಕ್ಕನ ಕೈ ತಿರುಚಿದ. ಬಳೆ ಮಂಚಕ್ಕೆ ತಾಕಿತು. ಗಿಣಿ ಎದ್ದಳು, ನಿಂತಳು, ಯಾಕೋ ಏನೋ, ಒಂದು ಕೆಮ್ಮು ಕೆಮ್ಮಿದಳು. ಎದೆಯ ತಳದಿಂದ ಜಲ್ಲಿಕಲ್ಲು ಸುರಿದಂಥ ಕೆಮ್ಮು. ಹಿಂದೆಯೇ ಒಂದು ಕರಕಲು ದನಿ: “ಏನಮ್ಮಾ ಅದು ಗಲಾಟೆ? ನಾನು ಬರಲಾ?”

ಹಲ್ಲು ಕಿರಿದವನು ಷರಟನ್ನು ತಿರುವುಮುರುವಾಗಿ ಹಾಕಿಕೊಂಡು ಇಳಿದುಹೋದ. ಅಕ್ಕ ಅಡುಗೆಮನೆಗೆ ಬಂದು ಅತ್ತಿತ್ತ ನೋಡಿದಳು. “ಯಾರೇ ಬಂದಿದ್ದು?”

“ದೊಡ್ಡಣ್ಣ” ಎಂದಳು ಗಿಣಿ, ಅದೇ ದನಿಯಲ್ಲಿ. ಇಬ್ಬರೂ ಪಾತ್ರೆ ತೊಳೆಯುವ ಕಟ್ಟೆ ಹಿಡಿದುಕೊಂಡು ನಕ್ಕರು, ಹೊಟ್ಟೆ ಹುಣ್ಣಾಗುವಷ್ಟು.

ಆಮೇಲೆ ದೊಡ್ಡಣ್ಣನ ಸಂಸಾರ ಬೆಳೆಯಿತು. ಹಳೆ ಬಟ್ಟೆಯ ಅಂಗಡಿಯಿಂದ ಅಗಲವಾದ ಷರಟು ಬಂದು ಬಾಲ್ಕನಿಯ ಹಗ್ಗದ ಮೇಲೆ ಒಣಗತೊಡಗಿತು. ಬಾಗಿಲ ಬಳಿ ದೋಣಿಯಂಥ ಚಪ್ಪಲಿ, ಕನ್ನಡಿಯ ಕೆಳಗೆ ಗಡ್ಡದ ಬ್ರಷ್ಷು ಕಾಣಿಸಿಕೊಂಡವು. ಗಿಣಿ ಮುಂದಿದ್ದು ಅಕ್ಕ ಹಿಂದಿದ್ದಾಗ ಸ್ವಲ್ಪ ಕಷ್ಟವಾಗುತ್ತಿತ್ತು. ಅಕ್ಕನ ಕೆಮ್ಮು ಆಡಿನ ಸೀನಿನಂತಿತ್ತು. ಅವಳು ಬಾಯಿ ಬಿಡದೆ, ಆ ಚಪ್ಪಲಿ ಮೆಟ್ಟಿ ನೆಲದ ಮೇಲೆ ದಪದಪ ಓಡಾಡುತ್ತಿದ್ದಳು. ಕೆಳಮನೆಯ ನಿವೃತ್ತ ಟೀಚರು ಮೆಟ್ಟಿಲಲ್ಲಿ ಗಿಣಿಯನ್ನು ತಡೆದು, “ನಿಮ್ಮಣ್ಣನ ಎದೆ ಸರಿಯಿಲ್ಲಮ್ಮ. ಇದನ್ನ ಎರಡು ಚಮಚ ಕುಡಿಸು. ಮಲಗೋ ಮುಂಚೆ, ಆಮೇಲೆ ಅಲ್ಲ” ಎಂದು ಕೆಮ್ಮಿನ ಸಿರಪ್ಪು ಕೊಟ್ಟರು. ಗಿಣಿ ಹೂಂಗುಟ್ಟಿ ತಂದು ತಾನೇ ಕುಡಿದಳು. ದೊಡ್ಡಣ್ಣನ ಗಂಟಲಿಗೆ ನಿಜವಾಗಿಯೂ ಅದು ಬೇಕಾಗಿತ್ತು.

ಅಲ್ಲಿನ ಕಾನೂನು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಹೆಂಗಸೊಬ್ಬಳು ಮನೆಯಲ್ಲಿ ಒಬ್ಬಳೇ ಈ ಕೆಲಸ ಮಾಡಿದರೆ ಅಪರಾಧವಿಲ್ಲ. ಇಬ್ಬರಾದರೆ ಅದು ಅಡ್ಡೆ. ಬಾಡಿಗೆ ಯಾರ ಹೆಸರಿನಲ್ಲಿದೆಯೋ ಅವಳು ಅಡ್ಡೆ ನಡೆಸುವವಳು. ಅವಳ ಸಂಪಾದನೆಯಲ್ಲಿ ಉಣ್ಣುವ ಗಂಡಸಿದ್ದರೆ ಅವನು ತಲೆಹಿಡುಕ. “ಅಂದ್ರೆ ಒಬ್ಬಳೇ ಇದ್ದು ಸತ್ತರೆ ಕಾನೂನುಬದ್ಧ, ಇಬ್ಬರಿದ್ದು ಬದುಕಿದರೆ ಕೇಸು” ಎಂದು ಗಿಣಿ ಅದನ್ನು ಮಡಿಚಿ ಚಿಕ್ಕದು ಮಾಡಿದ್ದಳು.

ಒಂದು ಮಧ್ಯಾಹ್ನ ದೊಡ್ಡಣ್ಣನ ಗದರಿಕೆ ತಿಂದು ಹೋಗಿದ್ದ ಗಿರಾಕಿಯೊಬ್ಬ ಪೊಲೀಸರಿಗೆ ದೂರು ಕೊಟ್ಟ: ಆ ಮನೆಯಲ್ಲಿ ಒಬ್ಬ ರೌಡಿ ಇದ್ದಾನೆ. ಪೊಲೀಸರು ಬಂದಾಗ ಅಕ್ಕ ಮುಂದಿನ ಕೋಣೆಯಲ್ಲಿ ಗಿರಾಕಿಯೊಂದಿಗಿದ್ದಳು, ಗಿಣಿ ಹಿಂದೆ ಸಾರು ಕುದಿಸುತ್ತಿದ್ದಳು. ಬಾಗಿಲು ಬಡಿದ ಸದ್ದಿಗೆ ಬೇರೆ ಯಾರಾದರೂ ಆಗಿದ್ದರೆ ಹೆಣ್ಣಿನ ದನಿಯಲ್ಲಿ ‘ಯಾರು’ ಎನ್ನುತ್ತಿದ್ದರು. ಗಿಣಿಗೆ ರೂಢಿಯಾಗಿ ಹೋಗಿತ್ತು. “ಯಾವನೋ ಅವನು? ಬಾಗಿಲು ಮುರೀತೀಯಾ? ಕಾಲು ಮುರೀತೀನಿ!” ಎಂದು ದೊಡ್ಡಣ್ಣ ಗುಡುಗಿದ.

ಹೊರಗಿದ್ದ ಇನ್ಸ್‌ಪೆಕ್ಟರ್ ಬಾಗಿಲು ಮುರಿದೇಬಿಟ್ಟ. ಒಳಗೆ ಷರಟಿತ್ತು, ಚಪ್ಪಲಿಯಿತ್ತು, ಬ್ರಷ್ಷಿತ್ತು, ಮಂಚದ ಮೇಲೆ ಮುದುಡಿದ್ದ ಪೀಚಲು ಗಿರಾಕಿಯನ್ನು ಬಿಟ್ಟರೆ ಗಂಡಸಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದಿತ್ತು. “ಹಾರಿಬಿಟ್ಟ!” ಎಂದ ಇನ್ಸ್‌ಪೆಕ್ಟರ್, ಕೆಳಗಿನ ಕಸದ ಡಬ್ಬಗಳನ್ನು ನೋಡುತ್ತ. ಆಮೇಲೆ ಸೌಟು ಹಿಡಿದು ನಿಂತಿದ್ದ ಗಿಣಿಯ ಕಡೆ ತಿರುಗಿ, “ನೀನ್ಯಾರು, ಅಡುಗೆಯವಳಾ?” ಎಂದ.

ಎಲ್ಲರ ದನಿ ಬರುವ ಗಿಣಿಗೆ ಆ ಕ್ಷಣದಲ್ಲಿ ತನ್ನ ದನಿಯೇ ಬರಲಿಲ್ಲ. ತಲೆ ಮಾತ್ರ ತಾನಾಗಿ ಹೌದೆಂದು ಆಡಿತು. ಹೊದಿಕೆ ಸುತ್ತಿಕೊಂಡು ನಿಂತಿದ್ದ ಅಕ್ಕ ಅದನ್ನು ನೋಡಿದಳು. “ಹೌದು, ಅಡುಗೆಯವಳು. ಉಪ್ಪು ಜಾಸ್ತಿ ಹಾಕ್ತಾಳೆ” ಎಂದಳು, ಜೀಪು ಹತ್ತಿದಳು.

ಅಕ್ಕನನ್ನು ಜೈಲಿಗೆ ಕಳಿಸಲಿಲ್ಲ. ಅದಕ್ಕಿಂತ ಒಂದು ಕೈ ಮೇಲಿನ ಕೆಲಸ ಮಾಡಿದರು, ಉದ್ಧಾರ ಮಾಡಿದರು. ದೊಡ್ಡಣ್ಣ ಸಿಗುವವರೆಗೆ ಅವನಿಂದ ಅವಳಿಗೆ ಅಪಾಯವಿದೆಯೆಂದು ಊರಾಚೆಯ ರಕ್ಷಣಾ ಗೃಹದಲ್ಲಿಟ್ಟು ಬೀಗ ಹಾಕಿದರು. ಅವನು ಯಾವತ್ತು ಸಿಗಬೇಕು?

ಬೀದಿಯ ತುದಿಯಲ್ಲಿ ಸೈಕಲ್ ಅಂಗಡಿಯ ಮೇಲೆ ಈ ಕೆಲಸದ ಹೆಂಗಸರ ಸಂಘದ ಕೋಣೆಯಿತ್ತು. ಆ ದಿನಗಳಲ್ಲಿ ಅಲ್ಲಿ ಜಾತ್ರೆಯಷ್ಟು ಜನ. ಸರ್ಕಾರ ಹೊಸ ಕಾನೂನು ಬರೆಯಲು ಒಂದು ಸಮಿತಿ ಮಾಡಿತ್ತು, ಅಹವಾಲು ಕೇಳಲು ಆ ಸಮಿತಿ ಊರಿಗೆ ಬರುವುದಿತ್ತು. ಅಕ್ಕನ ಚಿಂತೆಯಲ್ಲಿ ಮೂಲೆ ಹಿಡಿದಿದ್ದ ಗಿಣಿಯನ್ನು ಹೆಂಗಸರು ಬಿಡಲಿಲ್ಲ. “ಯಾರ್ಯಾರು ಏನೇನು ಹೇಳ್ತಾರೆ, ಒಂದ್ಸಲ ಮಾಡಿ ತೋರ್ಸೇ ಗಿಣೀ.”

ಗಿಣಿ ಎದ್ದಳು. ಮೊದಲು ನಗರಸಭೆಯ ಆರೋಗ್ಯಾಧಿಕಾರಿಯಾದಳು, ಹೊಟ್ಟೆ ಮುಂದೆ, ಮಾತು ಹಿಂದೆ. “ನಾವು ನಿಮ್ಮ ವಿರೋಧಿಗಳಲ್ಲ. ಲೈಸೆನ್ಸ್ ಕೊಡ್ತೀವಿ. ಕೊರಳಿಗೆ ಕಾರ್ಡು ಹಾಕ್ಕೊಳ್ಳಿ, ವಾರವಾರ ತಪಾಸಣೆಗೆ ಬನ್ನಿ, ಗೋದಾಮಿನ ಹಿಂದಿನ ಬೀದಿ ಬಿಟ್ಟು ಎಲ್ಲೂ ಕಾಣಿಸ್ಕೋಬೇಡಿ.”

“ಗಿರಾಕಿಗಳಿಗೂ ತಪಾಸಣೆ ಉಂಟಾ ಸಾರ್?” ಎಂದು ಒಬ್ಬಳು ಕೂಗಿದಳು.

“ಛೆ ಛೆ, ಅವರು ಮರ್ಯಾದಸ್ಥರು.”

ಕೋಣೆ ನಗೆಯಿಂದ ಕುಲುಕಿತು. ಗಿಣಿ ಸೆರಗನ್ನು ಎರಡು ಭುಜಕ್ಕೂ ಹೊದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ಉದ್ಧಾರ ಸಂಸ್ಥೆಯ ಮೇಡಮ್ಮಾದಳು. “ನನ್ನ ಮುದ್ದು ಸೋದರಿಯರೇ, ನಿಮ್ಮನ್ನ ನಾವು ಹಿಡಿಯೋಲ್ಲ. ನಿಮ್ಮ ಹತ್ತಿರ ಬರೋ ಗಂಡಸರನ್ನ ಹಿಡೀತೀವಿ. ಅವರು ಬರೋದು ನಿಂತರೆ ನೀವು ಸುಖವಾಗಿ...”

“ಉಪವಾಸ ಇರ್ತೀವಿ!” ಎಂದು ಕೋಣೆಗೆ ಕೋಣೆಯೇ ಮುಗಿಸಿತು.

ಕೊನೆಗೆ ಗಿಣಿ, ಎದುರಿಗೇ ಕೂತಿದ್ದ ಸಂಘದ ಅಧ್ಯಕ್ಷೆಯನ್ನೂ ಬಿಡಲಿಲ್ಲ. ಮೇಜು ಗುದ್ದಿ, ಗಂಟಲು ಹರಿದುಕೊಂಡು: “ಲೈಸೆನ್ಸೂ ಬೇಡ, ಕಣ್ಣೀರೂ ಬೇಡ! ಇದನ್ನ ಅಪರಾಧದ ಕಾನೂನಿಂದ ತೆಗೆದು ದುಡಿಮೆಯ ಕಾನೂನಿಗೆ ಸೇರಿಸಿ! ಹೊಡೆದವನ ಮೇಲೆ ಕೇಸು, ದುಡಿದವಳಿಗೆ ರಜೆ, ಪಿಂಚಣಿ! ಮತ್ತೆ ಯಾರೋ ನನ್ನ ಛತ್ರಿ ತಗೊಂಡು ಹೋಗಿದ್ದೀರಿ, ತಂದಿಡಿ!”

ಅಧ್ಯಕ್ಷೆ ತಾವೂ ನಕ್ಕರು. ಜನ ಕರಗಿದ ಮೇಲೆ ಗಿಣಿಯನ್ನು ಪಕ್ಕಕ್ಕೆ ಕರೆದರು. “ಸಮಿತಿ ಮುಂದೆ ಆ ಇನ್ಸ್‌ಪೆಕ್ಟರ್ರೂ ಮಾತಾಡ್ತಾನಂತೆ. ನಿಮ್ಮ ದೊಡ್ಡಣ್ಣನ್ನೇ ಸಾಕ್ಷಿ ಮಾಡ್ತಾನೆ. ಇಬ್ಬರು ಹೆಂಗಸರು ಒಟ್ಟಿಗಿದ್ದರೆ ಹಿಂದೆ ಒಬ್ಬ ಗಂಡಸು ಇದ್ದೇ ಇರ್ತಾನೆ, ಹಾಗಂತ ಕಾನೂನಲ್ಲೇ ಬರೀಬೇಕು ಅಂತಾನೆ.”

“ಅವನು ನಾನೇ ಅಂತ ಹೇಳಿಬಿಡಲಾ?”

“ಹೇಳಿದರೆ ಅಡ್ಡೆ ನಡೆಸಿದ್ದನ್ನ ಮೈಕಿನಲ್ಲಿ ಒಪ್ಕೊಂಡ ಹಾಗೆ. ನಿನ್ನನ್ನೂ ಒಳಗೆ ಹಾಕ್ತಾರೆ. ಸಂಘದೋರು ನಾಟಕ ಆಡ್ತಾರೆ ಅಂತ ನಮ್ಮ ಮುಖಕ್ಕೂ ಬಳೀತಾರೆ. ಹೇಳು ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ನನಗೆ ಗೊತ್ತಾಗ್ತಿಲ್ಲ ಕಣೇ.” ಮೇಜು ಗುದ್ದುವ ಹೆಂಗಸು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಗಿಣಿ ಕೇಳಿದ್ದು ಅದೇ ಮೊದಲು.

ರಕ್ಷಣಾ ಗೃಹದಲ್ಲಿ ಅಕ್ಕನನ್ನು ಕಾಣಲು ಹೋದಾಗ ಆ ಮೇಡಮ್ಮೇ ಬಾಗಿಲಲ್ಲಿ ಸಿಕ್ಕರು. ಕೆಟ್ಟವರೇನಲ್ಲ. ಗಿಣಿಯ ಕೈ ಹಿಡಿದಾಗ ಅವರ ಅಂಗೈ ಬೆಚ್ಚಗಿತ್ತು. “ನೀನು ಅಡುಗೆಯವಳು, ನಿನಗೆ ಭಯ ಬೇಡ. ಸಮಿತಿ ಮುಂದೆ ಒಂದೇ ಮಾತು ಹೇಳು. ಗಂಡಸಿದ್ದ, ಹೆದರಿಸಿ ಕೆಲಸ ಮಾಡಿಸ್ತಿದ್ದ. ಅಷ್ಟು ಹೇಳಿದರೆ ನಿಮ್ಮಕ್ಕ ಅಪರಾಧಿ ಅಲ್ಲ, ಬಲಿಪಶು. ನನ್ನ ಹೊಣೆ ಮೇಲೆ ಮಾರನೇ ದಿನವೇ ಬಿಡಿಸ್ತೀನಿ, ಹೊಲಿಗೆ ಯಂತ್ರನೂ ಕೊಡಿಸ್ತೀನಿ.”

ಒಂದೇ ಮಾತು. ಸುಳ್ಳು ಗಂಡಸಿನ ಮೇಲೆ ಒಂದು ಸುಳ್ಳು. ಯಾರಿಗೂ ನೋವಿಲ್ಲ. ಗಿಣಿಯ ಎದೆ ಹೌದೆಂದಿತು.

ಅಕ್ಕ ಉದ್ದನೆಯ ಹಜಾರದಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಕರವಸ್ತ್ರಕ್ಕೆ ಅಂಚು ಹೊಲಿಯುತ್ತಿದ್ದಳು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬೂದು ಬಣ್ಣದ ಅಂಗಿ ತೊಡಿಸಿದ್ದರು. ಮೇಲಿನ ಗುಂಡಿಗಳನ್ನು ಅವಳು ಕಿತ್ತು ಹಾಕಿದ್ದಳು. ಅಂಗಿ ಒಗೆಯಲು ಹೋದಾಗಲೆಲ್ಲ ಯಾರೋ ಮತ್ತೆ ಹೊಲಿದು ಹಾಕುತ್ತಾರಂತೆ, ಇವಳು ಮತ್ತೆ ಕೀಳುತ್ತಾಳಂತೆ.

“ನೋಡು, ಬಟ್ಟೆ ಕಾರ್ಖಾನೇಲಿ ಕಾಲರ್ ಹೊಲಿದೂ ಹೊಲಿದೂ ಬೆನ್ನು ಬಿದ್ದುಹೋಗಿ ಈ ಕೆಲಸಕ್ಕೆ ಬಂದೋಳು ನಾನು. ಈಗ ಉದ್ಧಾರ ಮಾಡ್ತೀವಿ ಅಂತ ಕರ್ಕೊಂಡು ಬಂದು ಉದ್ದ ದಾರ ಕೊಟ್ಟಿದ್ದಾರೆ” ಎಂದಳು ಅಕ್ಕ. “ದಿನಾ ರೌಡಿಗಳ ಫೋಟೋ ತಂದು ಇದರಲ್ಲಿ ನಿಮ್ಮ ದೊಡ್ಡಣ್ಣ ಯಾರು ಅಂತಾರೆ. ಯಾರು ನೋಡೋಕೆ ಚೆನ್ನಾಗಿದ್ದಾರೋ ಅವರನ್ನೇ ಇಟ್ಕೊಳ್ಳಲಾ ಅಂದೆ. ಬೈದರು.”

ಗಿಣಿ ನಗಲಿಲ್ಲ. ಮೇಡಮ್ಮಿನ ಮಾತನ್ನು ಹೇಳಿದಳು. ಅಕ್ಕನ ಸೂಜಿ ನಿಂತಿತು.

“ನೀನು ಏನಂದೆ?”

“ಏನೂ ಅನ್ನಲಿಲ್ಲ. ಅಕ್ಕ, ಒಂದೇ ಮಾತು. ನೀನು ಆಚೆ ಬರ್ತೀಯ.”

“ಬರ್ತೀನಿ. ಆಮೇಲೆ? ಹಿಂದೆ ಗಂಡಸಿದ್ದ ಅಂತ ನೀನೇ ಸಾಕ್ಷಿ ಹೇಳಿದ ಮೇಲೆ ನಾವಿಬ್ಬರೂ ಮತ್ತೆ ಒಂದೇ ಮನೇಲಿ ಇರೋಕೆ ಬಿಡ್ತಾರಾ? ಇಡೀ ಬೀದೀಲಿ ಯಾರನ್ನಾದ್ರೂ ಬಿಡ್ತಾರಾ? ಒಬ್ಬೊಬ್ಬಳನ್ನೂ ಒಂದೊಂದು ಕೋಣೇಲಿ ಒಂಟಿ ಮಾಡ್ತಾರೆ.” ಅಕ್ಕನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. “ನನ್ನ ಕುತ್ತಿಗೆ ಹಿಸುಕಿದೋನನ್ನ ಯಾವ ಇನ್ಸ್‌ಪೆಕ್ಟರ್ರೂ ಹುಡುಕಲಿಲ್ಲ ಗಿಣೀ. ಹುಟ್ಟದೇ ಇರೋನನ್ನ ಊರೆಲ್ಲ ಹುಡುಕ್ತಿದ್ದಾರೆ.”

ಗಿಣಿ ತಡೆತಡೆದು ಕೇಳಿದಳು: “ಅವತ್ತು ನಾನು ತಲೆ ಆಡಿಸಿದೆನಲ್ಲ...”

“ಆಡಿಸಿದೆ. ನಾನಾದರೂ ಆಡಿಸ್ತಿದ್ದೆ. ಅದನ್ನೇ ಹಿಡ್ಕೊಂಡು ಅಳಬೇಡ, ದಾರ ಒದ್ದೆಯಾಗುತ್ತೆ.”

ಅಹವಾಲು ಸಭೆ ನಡೆದದ್ದು ಪುರಭವನದಲ್ಲಿ, ಹಾಡುಹಗಲಲ್ಲಿ, ಫ್ಯಾನುಗಳ ಗರಗರದ ನಡುವೆ. ಬಾಗಿಲಲ್ಲಿ ಕೋಲು ಹಿಡಿದ ಕಾವಲುಗಾರರು ಚೀಲಗಳನ್ನು ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದರು. ವೇದಿಕೆಯ ನಡುವೆ ಸಮಿತಿಯ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರು, ಕನ್ನಡಕವನ್ನು ಹಣೆಗೇರಿಸಿ ಅದನ್ನೇ ಮೇಜಿನ ಮೇಲೆ ತಡಕಾಡುವವರು. ಆರೋಗ್ಯಾಧಿಕಾರಿ ಮಾತಾಡಿದ, ಮೇಡಮ್ಮು ಮಾತಾಡಿದರು, ಸಂಘದ ಅಧ್ಯಕ್ಷೆ ಮಾತಾಡಿದರು. ಗಿಣಿ ಸಂಘದ ಕೋಣೆಯಲ್ಲಿ ಮಾಡಿ ತೋರಿಸಿದ್ದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಛತ್ರಿಯೊಂದನ್ನು ಬಿಟ್ಟು. ಹೆಂಗಸರ ಸಾಲಿನಲ್ಲಿ ಕಿಸಕಿಸ ಎದ್ದಾಗ ನ್ಯಾಯಾಧೀಶರು ಏನಾಯಿತೆಂದು ತಿಳಿಯದೆ ತಮ್ಮ ಷರಟಿನ ಗುಂಡಿ ನೋಡಿಕೊಂಡರು.

ಆಮೇಲೆ ಇನ್ಸ್‌ಪೆಕ್ಟರ್ ಎದ್ದ. ಷರಟು, ಚಪ್ಪಲಿ, ಬ್ರಷ್ಷು ಮೇಜಿನ ಮೇಲೆ ಬಂದವು. “ಆ ದನಿಯನ್ನ ನನ್ನ ಕಿವಿಯಾರೆ ಕೇಳಿದ್ದೀನಿ ಮಹಾಸ್ವಾಮಿ. ಗಟ್ಟಿ ಆಳು. ಎತ್ತರ ಆರಡಿ ಇರಬೇಕು. ಮಹಡಿಯಿಂದ ಹಾರಿ ಓಡಿದ ಅಂದ್ರೆ ಪಳಗಿದ ಅಪರಾಧಿ. ಇಂಥ ಪ್ರತಿ ಮನೆಯ ಹಿಂದೆಯೂ ಒಬ್ಬ ದೊಡ್ಡಣ್ಣ ಇದ್ದಾನೆ.”

ಸಾಕ್ಷಿಯಾಗಿ ಕೆಳಮನೆಯ ಟೀಚರನ್ನು ಕರೆದರು. ಅವರು ಪಾಠ ಒಪ್ಪಿಸುವವರಂತೆ ನೆಟ್ಟಗೆ ನಿಂತರು. “ಇದ್ದಾರೆ, ನಾನು ಬಲ್ಲೆ. ಎದೆರೋಗದ ಮನುಷ್ಯ. ಬಾಯಿ ಒರಟು, ಆದರೆ ಅವರು ಬಂದಮೇಲೆ ಮೆಟ್ಟಿಲಲ್ಲಿ ಕುಡುಕರ ಕಾಟ ನಿಂತಿತು. ಸಿಕ್ಕರೆ ದಯವಿಟ್ಟು ತಣ್ಣನೆ ನೆಲದಲ್ಲಿ ಮಲಗಿಸಬೇಡಿ.”

“ಮನೆಯ ಅಡುಗೆಯವಳು ಬಂದಿದ್ದಾಳಾ?” ಎಂದರು ನ್ಯಾಯಾಧೀಶರು.

ಗಿಣಿ ಮೈಕಿನ ಮುಂದೆ ಹೋಗಿ ನಿಂತಳು. ಮೇಡಮ್ಮು ಮುಂದಿನ ಸಾಲಿನಿಂದ ಧೈರ್ಯ ತುಂಬುವಂತೆ ತಲೆಯಾಡಿಸಿದರು. ಸಂಘದ ಅಧ್ಯಕ್ಷೆ ನೆಲ ನೋಡುತ್ತಿದ್ದರು.

“ಆ ಮನೆಯಲ್ಲಿ ಗಂಡಸೊಬ್ಬ ಇದ್ದನೇನಮ್ಮ?”

“ಇದ್ದ ಸ್ವಾಮಿ.”

ಮೇಡಮ್ಮು ನಿಟ್ಟುಸಿರು ಬಿಟ್ಟರು. ಇನ್ಸ್‌ಪೆಕ್ಟರ್ ಮೀಸೆ ಸವರಿಕೊಂಡ.

“ಈಗ ಎಲ್ಲಿದ್ದಾನೆ?”

ಗಿಣಿ ಕೆಮ್ಮಿದಳು. ಧ್ವನಿವರ್ಧಕದಿಂದ ಜಲ್ಲಿಕಲ್ಲಿನ ಲಾರಿಯೇ ಸಭೆಯೊಳಗೆ ಬಂದು ಸುರಿದಂತಾಯಿತು. “ಯಾವನೋ ಅವನು? ಬಾಗಿಲು ಮುರೀತೀಯಾ? ಕಾಲು ಮುರೀತೀನಿ!”

ಕಾವಲುಗಾರರು ಕೋಲು ಎತ್ತಿಕೊಂಡು ಒಳಗೆ ನುಗ್ಗಿದರು. ಇನ್ಸ್‌ಪೆಕ್ಟರ್ ಕುರ್ಚಿಯಿಂದ ಅರ್ಧ ಎದ್ದು, ಕಿಟಕಿಯ ಕಡೆ ನೋಡಿ, ಆಮೇಲೆ ಗಿಣಿಯನ್ನು ನೋಡಿ, ಅರ್ಧದಲ್ಲೇ ನಿಂತ. ನಗೆ ಒಂದು ಮೂಲೆಯಿಂದ ಶುರುವಾಗಿ ಸಭೆಯನ್ನೆಲ್ಲ ಸುತ್ತಿತು.

“ಹಾಗಾದರೆ ನನ್ನ ಸಿರಪ್ಪು?” ಎಂದರು ಟೀಚರು, ನಗದೆ.

“ನಾನೇ ಕುಡಿದೆ ಟೀಚರ್. ಮಲಗೋ ಮುಂಚೆ, ಎರಡೇ ಚಮಚ.”

ನ್ಯಾಯಾಧೀಶರು ಕನ್ನಡಕವನ್ನು ಮೂಗಿಗೆ ಇಳಿಸಿದರು. “ನೀವು ಹೇಳ್ತಿರೋದರ ಅರ್ಥ ನಿಮಗೆ ಗೊತ್ತಾ? ಗಂಡಸಿಲ್ಲ ಅಂದ್ರೆ ಇಬ್ಬರು ಹೆಂಗಸರು ಕೂಡಿ ಅಡ್ಡೆ ನಡೆಸಿದಿರಿ ಅಂತ ಆಗುತ್ತೆ. ಇಲ್ಲಿ ಹೇಳಿದ್ದನ್ನ ವಾಪಸು ತಗೊಳ್ಳೋಕೆ ಬರಲ್ಲ.”

“ಗೊತ್ತು ಸ್ವಾಮಿ. ನಾನು ಅಡುಗೆಯವಳಲ್ಲ. ಅವಳದೂ ನನ್ನದೂ ಒಂದೇ ಕೆಲಸ. ಅವಳು ಕೋಣೇಲಿದ್ದಾಗ ನಾನು ಅಡುಗೆಮನೇಲಿ ಕಾವಲು, ನಾನು ಕೋಣೇಲಿದ್ದಾಗ ಅವಳು ಕಾವಲು.” ಗಿಣಿಯ ದನಿ ನಡುಗಿತು, ಆದರೆ ಅದು ಅವಳದೇ ದನಿ. “ನಿಮ್ಮ ಸಭೆಗೂ ಬಾಗಿಲಲ್ಲಿ ಕಾವಲಿನವರಿದ್ದಾರೆ. ಅವರನ್ನ ಯಾರೂ ತಲೆಹಿಡುಕ ಅನ್ನಲಿಲ್ಲ. ನಾವು ಹೆಂಗಸರು ಅಂತ ಹೇಳಿದರೆ ಗಿರಾಕಿ ಹೆದರಲ್ಲ, ನಾವು ಇಬ್ಬರು ಅಂತ ಹೇಳಿದರೆ ಕಾನೂನು ಬಿಡಲ್ಲ. ಅದಕ್ಕೇ ಒಬ್ಬ ಗಂಡಸನ್ನ ಮಾಡ್ಕೊಂಡ್ವಿ. ಅವನು ಸುಳ್ಳಣ್ಣ. ಅವನ ತಾಯಿ ನಾನಿರಬಹುದು, ತಂದೆ ಮಾತ್ರ ನಿಮ್ಮ ಕಾನೂನು.”

“ಅವನನ್ನ ಹಿಡೀಬೇಕಾದ್ರೆ ಹಿಡೀರಿ” ಎಂದು ಅವಳು ಇನ್ಸ್‌ಪೆಕ್ಟರಿಗೆ ಎರಡೂ ಕೈ ಚಾಚಿದಳು. “ಆದರೆ ಅವಳನ್ನ ಕಾಪಾಡ್ತೀವಿ ಅಂತ ಇಟ್ಟಿರೋ ಬೀಗ ತೆಗೀರಿ. ಕೇಸು ಹಾಕಿದರೆ ಹಾಕಿ. ಕಾಪಾಡಬೇಡಿ.”

ನ್ಯಾಯಾಧೀಶರು ಮುಂದಿನವರನ್ನು ಕರೆಯುವುದನ್ನು ಮರೆತು ಆ ದೋಣಿಯಂಥ ಚಪ್ಪಲಿಯನ್ನೇ ನೋಡುತ್ತಿದ್ದರು.

ಕೇಸು ಬಿತ್ತು. ಹುಡುಕುವುದಕ್ಕೆ ಗಂಡಸು ಇಲ್ಲವಾದ ಮೇಲೆ ಅಕ್ಕನನ್ನು ರಕ್ಷಿಸುವುದಕ್ಕೆ ಕಾರಣವೂ ಇಲ್ಲವಾಗಿ, ಅವಳನ್ನು ಠಾಣೆಗೆ ತಂದು ಗಿಣಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಬೂದು ಅಂಗಿಯ ಮೇಲಿನ ಗುಂಡಿಗಳು ಇರಲಿಲ್ಲ.

“ಕೆಮ್ಮು ಚೆನ್ನಾಗಿ ಬಂತಾ?” ಎಂದು ಅಕ್ಕ ಪಿಸುಗುಟ್ಟಿದಳು.

“ಸ್ವಲ್ಪ ತೆಳು ಆಯ್ತು. ಹೆದರಿಕೆ.”

ಎದುರಿಗಿದ್ದ ಪೇದೆ ಪೆನ್ನು ಝಾಡಿಸಿದ. “ಇಬ್ಬರಲ್ಲಿ ಅಡ್ಡೆ ನಡೆಸೋರು ಯಾರು?”

“ಮಧ್ಯಾಹ್ನದವರೆಗೆ ಇವಳು, ಆಮೇಲೆ ನಾನು” ಎಂದಳು ಅಕ್ಕ. “ಶಿಫ್ಟು.”

“ತಮಾಷೆ ಮಾಡ್ತೀಯಾ?”

“ನಿಮ್ಮದೂ ಶಿಫ್ಟೇ ತಾನೆ ಸಾರ್? ಎಷ್ಟಕ್ಕೆ ಬಿಡ್ತಾರೆ?”

ಗೋಡೆಯ ಗಡಿಯಾರದತ್ತ ಪೇದೆಯ ಕಣ್ಣು ತಾನಾಗಿ ಹೋಯಿತು. ಅದನ್ನು ಅವರಿಬ್ಬರೂ ನೋಡಿದರೆಂದು ಅವನಿಗೆ ಸಿಟ್ಟು ಬಂತು.

ಜಾಮೀನಿಗೆ ನಿಂತವರು ಕೆಳಮನೆ ಟೀಚರು. ಠಾಣೆಯ ಮೆಟ್ಟಿಲಿಳಿಯುವಾಗಲೂ ಅವರ ಮುಖ ಬಿಗಿದಿತ್ತು. “ನನಗೆ ಸುಳ್ಳು ಹೇಳಿದಿರಿ. ಅದನ್ನ ಮರೆಯೋಲ್ಲ” ಎಂದರು. ಬೀದಿಯ ತಿರುವಿನಲ್ಲಿ ನಿಂತು, “ಆದರೆ ಆ ಮನುಷ್ಯ ಇಲ್ಲ ಅಂದ್ರೆ ಮೆಟ್ಟಿಲ ಹತ್ತಿರ ಕುಡುಕರು ಮತ್ತೆ ಬರ್ತಾರೆ. ಏನು ಮಾಡೋಣ?” ಎಂದು ಕೇಳಿದರು. ಗಿಣಿ ಅಕ್ಕನ ಮುಖ ನೋಡಿದಳು. ಆ ‘ಮಾಡೋಣ’ದಲ್ಲಿ ತಾವೂ ಇದ್ದೇವೆಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು.

ಕೇಸು ನಡೆಯುತ್ತಿತ್ತು. ಸಮಿತಿ ಬರೆಯುತ್ತಿತ್ತು. ಕಾನೂನು ಇದ್ದಲ್ಲೇ ಇತ್ತು. ಅಡ್ಡೆ ಮುಚ್ಚಬೇಕೆಂದು ಬಾಗಿಲಿಗೆ ಅಂಟಿಸಿದ ನೋಟಿಸನ್ನು ಅಕ್ಕ ಹರಿಯಲಿಲ್ಲ. ಗಾಜು ಒಡೆದ ಒಳಬಾಗಿಲಿನ ರಟ್ಟು ಹಳತಾಗಿತ್ತು, ಅದರ ಜಾಗಕ್ಕೆ ಅಂಟಿಸಿದಳು. ಬಳೆ ಹಾಕಿಕೊಂಡಳು. ಗಿಣಿ ಒಲೆ ಹಚ್ಚಿದಳು.

ಮೊದಲು ಬಂದ ಗಿರಾಕಿ ಹೊಸಬ. ಒಳಗೆ ಪಾತ್ರೆಯ ಸದ್ದು ಕೇಳಿ ಹೊಸ್ತಿಲಲ್ಲೇ ನಿಂತ. “ಅಡುಗೆಮನೇಲಿ ಯಾರು?”

ಗಿಣಿಯ ಗಂಟಲಿಗೆ ಜಲ್ಲಿಕಲ್ಲು ಉರುಳಿ ಬಂತು. ಅವಳು ಅದನ್ನು ನುಂಗಿ, ಬಾಗಿಲು ತೆರೆದು, ಸೌಟು ಹಿಡಿದೇ ನಿಂತಳು.

“ನಾನು” ಎಂದಳು, ತನ್ನದೇ ದನಿಯಲ್ಲಿ. “ಡ್ಯೂಟಿಯಲ್ಲಿದ್ದೀನಿ.”

ಅವನು ಅವಳ ಹಿಂದೆ, ಮುಂದೆ, ಬಾಲ್ಕನಿಯತ್ತ ಕಣ್ಣಾಡಿಸಿದ. “ಮನೇಲಿ ಗಂಡಸರು ಯಾರೂ ಇಲ್ವಾ?”

“ನೀವಿದ್ದೀರಲ್ಲ” ಎಂದಳು ಅಕ್ಕ. “ನಮಗೆ ಅಷ್ಟೇ ಹೆಚ್ಚು. ಚಪ್ಪಲಿ ಆಚೆ ಬಿಡಿ, ಕೈಕಾಲು ತೊಳ್ಕೊಂಡು ಬನ್ನಿ.”

ಅವನು ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ನಲ್ಲಿಯ ಕಡೆ ನಡೆದ.